ಅಮೆರಿಕದ ಸಣ್ಣ ಊರಿನಲ್ಲಿರುವ ಮಕ್ಕಳಿಗೆ ದಾವಣಗೆರೆಯಿಂದ ಹೂವು ತಲುಪಿಸುವ ಬಗೆ

ದಾವಣಗೆರೆಯಲ್ಲಿ ಓದಿ ಅಮೆರಿಕಕ್ಕೆ ಹೋದವರೆಲ್ಲ ನ್ಯೂಯಾರ್ಕಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸುವುದಿಲ್ಲ. ಜೆ-1 ವೀಸಾದ ಮೇಲೆ ಅಲ್ಲಿ ತರಬೇತಿ ಮುಗಿಸಿದ ವೈದ್ಯರು ಸ್ವದೇಶಕ್ಕೆ ಮರಳದೆ ಅಲ್ಲೇ ಉಳಿಯಬೇಕೆಂದರೆ, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಬೇಕಾಗುತ್ತದೆ. ಎಂಜಿನಿಯರುಗಳಲ್ಲಿ ಕೆಲವರು ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿಯ ಕೇಂದ್ರ ಕಚೇರಿಯಿರುವ ಇಂಡಿಯಾನಾದ ಕೊಲಂಬಸ್‌ನಂಥ ಊರುಗಳನ್ನು ಸೇರುತ್ತಾರೆ. ಹೀಗಾಗಿ ಅಯೋವಾ, ಇಲಿನಾಯ್, ಒಹಾಯೋ ಮುಂತಾದ ಮಧ್ಯಪಶ್ಚಿಮ ರಾಜ್ಯಗಳಲ್ಲಿ, ನಮ್ಮ ಜಿಲ್ಲೆಯಂತೆಯೇ ಸುತ್ತ ಮೆಕ್ಕೆಜೋಳ ಬೆಳೆಯುವ ಸಣ್ಣ ಊರುಗಳಲ್ಲೂ ನಮ್ಮವರ ಮನೆಗಳಿವೆ. ಅಂಥ ಮನೆಗೆ ಮಗಳ ಹೆರಿಗೆಗೋ ಅಳಿಯನ ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ಹೂವು ಮುಟ್ಟಿಸುವುದು ಹೇಗೆ ಎಂದು ಕೇಳುವ ತಂದೆತಾಯಿಗಳಿಗಾಗಿ ಈ ಬರಹ.

ಇಲ್ಲಿಂದ ಹೂವನ್ನೇ ಕೊರಿಯರ್ ಮಾಡುವ ಯೋಚನೆಯನ್ನು ಮೊದಲು ಬಿಡಬೇಕು. ದುಗ್ಗಮ್ಮನ ಗುಡಿಯ ಮುಂದೆ ಬೆಳಿಗ್ಗೆ ಮಾರಿನ ಲೆಕ್ಕದಲ್ಲಿ ಕೊಂಡ ಮಲ್ಲಿಗೆ ಮರುದಿನಕ್ಕೇ ಕಂದುತ್ತದೆ. ಅದು ದಿನಗಟ್ಟಲೆಯ ಪ್ರಯಾಣವನ್ನೂ ಅಮೆರಿಕದ ಕೀಟ ತಪಾಸಣೆಯನ್ನೂ ದಾಟಿ ಮುಡಿಯುವಂತೆ ತಲುಪುವುದಿಲ್ಲ. ಹೂವನ್ನು ಆ ಊರಿನಲ್ಲೇ ಕೊಡಿಸಬೇಕು. ನಾವು ಇಲ್ಲಿ ಕುಳಿತು ಮಾಡಬೇಕಾದ ಕೆಲಸವೆಂದರೆ ಸರಿಯಾದ ಅಂಗಡಿಯನ್ನು ಹುಡುಕುವುದು, ಸರಿಯಾದ ಹೊತ್ತಿಗೆ ಅವರಿಗೆ ಹೇಳುವುದು ಮತ್ತು ಹಣ ಸಲ್ಲುವಂತೆ ನೋಡಿಕೊಳ್ಳುವುದು. ಇವುಗಳಲ್ಲಿ ಅಂಗಡಿ ಹುಡುಕುವುದೇ ಕಠಿಣ. ಅದು ಸರಿಹೋದರೆ ಮಿಕ್ಕದ್ದು ತಾನಾಗಿ ಸರಿಹೋಗುತ್ತದೆ.

ಊರಿನ ಹೆಸರಿನೊಂದಿಗೆ ಹೂವಿನ ಅಂಗಡಿ ಎಂದು ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವ ಎರಡು ಮೂರು ಜಾಹೀರಾತುಗಳು ಬಹುಮಟ್ಟಿಗೆ ಆ ಊರಿನವಾಗಿರುವುದಿಲ್ಲ. ಅವು ಆರ್ಡರ್ ಪಡೆದು, ತಮ್ಮ ಪಾಲನ್ನು ಇಟ್ಟುಕೊಂಡು, ಉಳಿದ ಮೊತ್ತಕ್ಕೆ ಹೂವು ಕಟ್ಟಿಕೊಡುವಂತೆ ಸ್ಥಳೀಯ ಅಂಗಡಿಗೆ ಕೆಲಸ ವಹಿಸುವ ಮಧ್ಯವರ್ತಿಗಳು. ಈ ಏರ್ಪಾಡು ಹೊಸದೇನಲ್ಲ. 1910ರಲ್ಲಿ ಅಮೆರಿಕದ ಕೆಲವು ಹೂವಿನ ವ್ಯಾಪಾರಿಗಳು ಒಂದು ಊರಿನ ಆರ್ಡರನ್ನು ಇನ್ನೊಂದು ಊರಿಗೆ ತಂತಿಯ ಮೂಲಕ ಕಳಿಸಲು ಕಟ್ಟಿಕೊಂಡ ಸಂಘವೇ ಇಂದಿನ ಎಫ್‌ಟಿಡಿ. ಗ್ರಾಹಕರಿಂದ ಆರ್ಡರ್ ಪಡೆದು ಕಳಿಸಿದ ಅಂಗಡಿಗೆ ಸಾಮಾನ್ಯವಾಗಿ ಐದನೇ ಒಂದು ಭಾಗದಷ್ಟು ಕಮಿಷನ್ ಸಲ್ಲುವುದು ಆ ಪದ್ಧತಿಯ ವಾಡಿಕೆ. ಅದು ನ್ಯಾಯವಾದ ವ್ಯವಹಾರವೇ. ಆದರೆ ಅಂಗಡಿಯನ್ನೇ ಇಟ್ಟುಕೊಳ್ಳದೆ, ಊರಿನ ಹೆಸರನ್ನು ಮಾತ್ರ ತಗುಲಿಸಿಕೊಂಡ ಜಾಲತಾಣಗಳು ಇದರ ಮೇಲೆ ಸೇವಾಶುಲ್ಕವನ್ನೂ ಸೇರಿಸುವುದರಿಂದ, ನೀವು ತೆತ್ತ ನೂರು ಡಾಲರಿನಲ್ಲಿ ಹೂವಾಗಿ ಮಗಳ ಮನೆಗೆ ಬರುವುದು ಎಷ್ಟು ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಆ ಊರಿನ ಅಂಗಡಿಗೇ ನೇರವಾಗಿ ಹೇಳುವುದು ಮೇಲು ಎಂಬುದಕ್ಕೆ ಇದೇ ಕಾರಣ.

ನಿಜವಾದ ಅಂಗಡಿಯನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ಜಾಲತಾಣದಲ್ಲಿ ಬೀದಿಯ ವಿಳಾಸವಿರಬೇಕು. ಆ ವಿಳಾಸವನ್ನು ಗೂಗಲ್ ಮ್ಯಾಪ್‌ನಲ್ಲಿ ಹಾಕಿ ಸ್ಟ್ರೀಟ್ ವ್ಯೂ ತೆರೆದರೆ ಅಂಗಡಿಯ ಬೋರ್ಡು ಕಣ್ಣಿಗೆ ಬೀಳಬೇಕು. ದೂರವಾಣಿ ಸಂಖ್ಯೆಯ ಮೊದಲ ಮೂರು ಅಂಕಿಗಳು ಆ ಪ್ರದೇಶದವೇ ಆಗಿದ್ದರೆ ಒಳ್ಳೆಯದು. 800, 888, 877 ಎಂದು ಆರಂಭವಾಗುವ ಉಚಿತ ಕರೆಯ ಸಂಖ್ಯೆ ಮಾತ್ರ ಇದ್ದರೆ ಅನುಮಾನಿಸಬೇಕು, ಅಂಥ ಸಂಖ್ಯೆಗಳು ಭಾರತದಿಂದ ಎಷ್ಟೋ ಸಲ ಸಿಗುವುದೂ ಇಲ್ಲ. ಊರಿನ ಚೇಂಬರ್ ಆಫ್ ಕಾಮರ್ಸ್, ಅಂದರೆ ವ್ಯಾಪಾರಿಗಳ ಸಂಘ, ತನ್ನ ಸದಸ್ಯ ಅಂಗಡಿಗಳ ಪಟ್ಟಿಯನ್ನು ಪ್ರಕಟಿಸಿದ್ದರೆ ಅದನ್ನು ನಂಬಬಹುದು. ಊರು ತೀರ ಚಿಕ್ಕದಾಗಿದ್ದು ಹೂವಿನ ಅಂಗಡಿಯೇ ಇಲ್ಲವಾದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗವಾದ ಕೌಂಟಿಯ ಕೇಂದ್ರ ಸ್ಥಳದಲ್ಲಿ ಹುಡುಕಬೇಕು. ಆ ಅಂಗಡಿಯವರು ಸುತ್ತಲಿನ ಊರುಗಳಿಗೂ ತಲುಪಿಸುವುದು ಸಾಮಾನ್ಯ, ದೂರಕ್ಕೆ ತಕ್ಕಂತೆ ಶುಲ್ಕ ಹೆಚ್ಚುತ್ತದೆ. ಅದೂ ಸಿಗದಿದ್ದರೆ ಅಯೋವಾ ಕಡೆಯ ಹೈ-ವೀ, ಇತರ ಕಡೆಯ ಕ್ರೋಗರ್‌ನಂಥ ದಿನಸಿ ಮಳಿಗೆಗಳ ಹೂವಿನ ವಿಭಾಗವನ್ನು ವಿಚಾರಿಸಬಹುದು.

ವಿಳಾಸದ ವಿಷಯದಲ್ಲಿ ನಮ್ಮವರು ಎಡವುವುದು ಎರಡು ಕಡೆ. ಅಮೆರಿಕದಲ್ಲಿ ಒಂದೇ ಹೆಸರಿನ ಊರುಗಳು ಹಲವು. ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಇಲಿನಾಯ್‌ನಲ್ಲೂ ಇದೆ, ಒಹಾಯೋದಲ್ಲೂ ಇದೆ, ಮಿಸೌರಿಯಲ್ಲೂ ಇದೆ. ಆದ್ದರಿಂದ ರಾಜ್ಯದ ಹೆಸರನ್ನೂ ಐದು ಅಂಕಿಗಳ ಜಿಪ್ ಕೋಡನ್ನೂ ಬಿಡದೆ ಬರೆಯಬೇಕು. ಸಣ್ಣ ಊರಿನವರು ಕಾಗದಪತ್ರಗಳಿಗೆ ಅಂಚೆ ಕಚೇರಿಯ ಪಿಒ ಬಾಕ್ಸ್ ಸಂಖ್ಯೆಯನ್ನು ಕೊಟ್ಟಿರುವುದೂ ಉಂಟು. ಹೂವು ತರುವವನಿಗೆ ಅದರಿಂದ ಪ್ರಯೋಜನವಿಲ್ಲ, ಮನೆಯ ಸಂಖ್ಯೆ ಮತ್ತು ಬೀದಿ ಬೇಕು. ಹೆಸರನ್ನೂ ಅಲ್ಲಿ ನಡೆಯುವ ಕ್ರಮದಲ್ಲೇ ಕೊಡಬೇಕು. ನಮ್ಮಲ್ಲಿ ಮುಂದೆ ಬರುವ ಇನಿಷಿಯಲ್‌ಗಳು ಅಲ್ಲಿ ಗೊಂದಲವನ್ನಷ್ಟೇ ಹುಟ್ಟಿಸುತ್ತವೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ಸೇರಿದ್ದರೆ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಇರುವುದೂ ಅದೇ.

ಇನ್ನು ಹೊತ್ತಿನ ಲೆಕ್ಕ. ಅಯೋವಾ, ಇಲಿನಾಯ್, ಮಿನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ಬೆಳಿಗ್ಗೆ 9 ಗಂಟೆಯೆಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ ರಾತ್ರಿ 8.30. ಒಹಾಯೋದಲ್ಲಿ, ಮಿಷಿಗನ್ ಮತ್ತು ಇಂಡಿಯಾನಾಗಳ ಬಹುಭಾಗದಲ್ಲಿ ಇದಕ್ಕಿಂತ ಒಂದು ಗಂಟೆ ಮುಂಚೆ. ಅವರ ಗಡಿಯಾರ ಮಾರ್ಚ್ ತಿಂಗಳ ಎರಡನೇ ಭಾನುವಾರ ಮುಂದಕ್ಕೂ ನವೆಂಬರ್ ಮೊದಲ ಭಾನುವಾರ ಹಿಂದಕ್ಕೂ ಸರಿಯುತ್ತದೆ. ಅದೇ ದಿನ ತಲುಪಿಸಬೇಕಾದ ಆರ್ಡರನ್ನು ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸುವುದು ವಾಡಿಕೆ. ಶನಿವಾರ ಅರ್ಧ ದಿನ, ಭಾನುವಾರ ರಜೆ. ಭಾನುವಾರದ ಹುಟ್ಟುಹಬ್ಬಕ್ಕೆ ಶುಕ್ರವಾರ ರಾತ್ರಿಯ ಊಟಕ್ಕೆ ಮುಂಚೆಯೇ ಕರೆ ಮಾಡಿ, ಹೂವನ್ನು ಶನಿವಾರ ತಲುಪಿಸಲು ಹೇಳುವುದು ಕ್ಷೇಮ. ಫೆಬ್ರವರಿ 14ರ ಪ್ರೇಮಿಗಳ ದಿನ ಹಾಗೂ ಮೇ ತಿಂಗಳ ಎರಡನೇ ಭಾನುವಾರದ ತಾಯಂದಿರ ದಿನದ ಹಿಂದುಮುಂದಿನ ವಾರಗಳಲ್ಲಿ ಅಂಗಡಿಯವರಿಗೆ ಕೈ ಬಿಡುವಿರುವುದಿಲ್ಲ, ಬೆಲೆಯೂ ಏರಿರುತ್ತದೆ. ಆಗ ಒಂದು ವಾರ ಮುಂಚಿತವಾಗಿ ಹೇಳಬೇಕು.

ಕರೆ ಮಾಡಲು ಮೊಬೈಲಿನಲ್ಲಿ ಐಎಸ್‌ಡಿ ಸೌಲಭ್ಯವಿರಬೇಕು. ಅಮೆರಿಕದ ಅಂಗಡಿಗಳಲ್ಲಿ ವಾಟ್ಸಾಪ್ ಬಳಕೆ ತೀರ ಕಡಿಮೆ. ಫೋನ್ ಎತ್ತಿದವರು ಸಾಮಾನ್ಯವಾಗಿ ಯಾವ ದಿನಕ್ಕೆ, ಯಾರಿಗೆ, ಯಾವ ಸಂದರ್ಭಕ್ಕೆ, ಎಷ್ಟು ಮೊತ್ತದಲ್ಲಿ, ಕಾರ್ಡಿನ ಮೇಲೆ ಏನು ಬರೆಯಬೇಕು ಎಂದು ಇದೇ ಅನುಕ್ರಮದಲ್ಲಿ ಕೇಳುತ್ತಾರೆ. ಉತ್ತರಗಳನ್ನು ಮುಂಚೆಯೇ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಉಚ್ಚಾರಣೆಯ ತೊಡಕಿನ ನಡುವೆಯೂ ಮಾತು ತಪ್ಪುವುದಿಲ್ಲ. ಕಾರ್ಡಿನ ಒಕ್ಕಣೆಯನ್ನು ಮಾತ್ರ ಫೋನಿನಲ್ಲಿ ಹೇಳದೆ ಇಮೇಲ್‌ನಲ್ಲಿ ಕಳಿಸಬೇಕು. ‘ನೂರು ಕಾಲ ಸುಖವಾಗಿರು ಮಗಳೇ – ಅಪ್ಪ, ಅಮ್ಮ’ ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ಒಂದೊಂದೇ ಅಕ್ಷರವಾಗಿ ಹೇಳಿ ಬರೆಸಿದರೆ ಮಗಳ ಕೈಗೆ ಸೇರುವ ಹೊತ್ತಿಗೆ ಅದು ಯಾವ ಭಾಷೆಯಾಗಿರುತ್ತದೆಯೋ ಹೇಳಲಾಗದು. ಪಡೆಯುವವರ ಫೋನ್ ಸಂಖ್ಯೆಯನ್ನೂ ಕೇಳುತ್ತಾರೆ. ಗುರುತಿಲ್ಲದ ಸಂಖ್ಯೆಯ ಕರೆಯನ್ನು ಅಲ್ಲಿ ಎತ್ತುವವರು ಕಡಿಮೆಯಾದ್ದರಿಂದ ಅಳಿಯನ ಸಂಖ್ಯೆಯನ್ನು ಕೊಟ್ಟು ಅವರಿಗೆ ಮಾತ್ರ ಮೊದಲೇ ತಿಳಿಸಿಟ್ಟರೆ, ಮಗಳಿಗೆ ಗುಟ್ಟು ಬಯಲಾಗುವುದಿಲ್ಲ.

ಯಾವ ಹೂವು ಎಂಬ ಪ್ರಶ್ನೆಗೆ, ಜಾಲತಾಣದ ಚಿತ್ರವನ್ನು ತೋರಿಸಿ ಇದೇ ಬೇಕೆಂದು ಹಟ ಹಿಡಿಯುವುದಕ್ಕಿಂತ ಬಣ್ಣ ಮತ್ತು ಸಂದರ್ಭವನ್ನು ತಿಳಿಸಿ ಆಯ್ಕೆಯನ್ನು ಕಟ್ಟುವವರಿಗೇ ಬಿಡುವುದು ನನ್ನ ದೃಷ್ಟಿಯಲ್ಲಿ ಲೇಸು. ಅಂದು ಅಂಗಡಿಯಲ್ಲಿ ಯಾವುದು ತಾಜಾ ಇದೆಯೋ ಅದೇ ಬರುತ್ತದೆ. ಅಮೆರಿಕದಲ್ಲಿ ಮಾರಾಟವಾಗುವ ಹೂವಿನ ಬಹುಪಾಲು ಕೊಲಂಬಿಯಾ ಮತ್ತು ಈಕ್ವೆಡಾರ್‌ಗಳಿಂದ ಮಯಾಮಿ ವಿಮಾನ ನಿಲ್ದಾಣದ ಮೂಲಕ ಬಂದದ್ದು. ಬೇಸಿಗೆಯಲ್ಲಿ ಮಾತ್ರ ಸ್ಥಳೀಯ ಬೆಳೆಗಾರರ ಹೂವು ಸಿಗುತ್ತದೆ: ಮೇ ಕೊನೆ ಮತ್ತು ಜೂನ್‌ನಲ್ಲಿ ಇಂಡಿಯಾನಾದ ರಾಜ್ಯಪುಷ್ಪವಾದ ಪಿಯೋನಿ, ಆಗಸ್ಟ್ ಹೊತ್ತಿಗೆ ಸೂರ್ಯಕಾಂತಿ, ಜಿನ್ನಿಯಾ, ಡೇಲಿಯಾ. ಸಾಧಾರಣ ಗುಚ್ಛಕ್ಕೆ 50ರಿಂದ 80 ಡಾಲರ್ ಇರಿಸಿಕೊಳ್ಳಬೇಕು. ತಲುಪಿಸುವ ಶುಲ್ಕ ಮತ್ತು ತೆರಿಗೆ ಬೇರೆ. ಕೆಂಪು ಗುಲಾಬಿಯ ಗುಚ್ಛವನ್ನು ಅಲ್ಲಿ ಪ್ರೇಮಿಗಳ ಕಾಣಿಕೆಯೆಂದೇ ಎಣಿಸುವುದರಿಂದ ತಂದೆ ಮಗಳಿಗೆ ಕಳಿಸುವಾಗ ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳನ್ನು ಹೇಳುವುದು ಒಪ್ಪ. ಬಿಳಿ ಲಿಲ್ಲಿ ಸಾವಿನ ಮನೆಯ ನೆನಪು ತರಬಹುದು. ಮನೆಯಲ್ಲಿ ಬೆಕ್ಕಿದ್ದರಂತೂ ಲಿಲ್ಲಿ ಬೇಡವೇ ಬೇಡ. ಅದರ ಎಸಳು, ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲವು.

ವರಮಹಾಲಕ್ಷ್ಮಿ ಹಬ್ಬಕ್ಕೋ ಗೃಹಪ್ರವೇಶಕ್ಕೋ ಪೂಜೆಯ ಹೂವನ್ನೇ ಕೊಡಿಸಬೇಕೆನ್ನುವವರು ಕಟ್ಟಿದ ಗುಚ್ಛವನ್ನು ಕೇಳಬಾರದು. ಹೂದಾನಿ, ರಿಬ್ಬನ್, ಹಸಿರೆಲೆ ಯಾವುದೂ ಬೇಡ, ಬಿಡಿ ಕಂತೆಗಳು ಸಾಕು ಎಂದು ಸ್ಪಷ್ಟವಾಗಿ ಹೇಳಬೇಕು. ಅಲ್ಲಿ ಮಮ್ಸ್ ಎಂದೂ ಡೈಸಿ ಪಾಮ್ ಎಂದೂ ಕರೆಯುವುದು ನಮ್ಮ ಸೇವಂತಿಗೆಯ ಬಳಗವೇ. ಹಳದಿ, ಬಿಳಿ, ನೇರಳೆ ಬಣ್ಣಗಳಲ್ಲಿ ವರ್ಷವಿಡೀ ಸಿಗುತ್ತದೆ, ದಂಟು ಕತ್ತರಿಸಿ ಪೋಣಿಸಿದರೆ ಕಳಶಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಾರ್ನೇಷನ್ ಹೂವು ಹಾರಕ್ಕೆ ಗಟ್ಟಿ. ಮಲ್ಲಿಗೆಯ ಜಾಗದಲ್ಲಿ ಬೇಬಿಸ್ ಬ್ರೆತ್ ಎಂಬ ಸಣ್ಣ ಬಿಳಿ ಹೂವನ್ನು ದಾರದಲ್ಲಿ ಒತ್ತೊತ್ತಾಗಿ ಕಟ್ಟಿ ಮುಡಿಯುವ ನಮ್ಮ ಹೆಣ್ಣುಮಕ್ಕಳು ಅಲ್ಲಿ ಅನೇಕರಿದ್ದಾರೆ. ಕಂಪಿಲ್ಲ, ಆದರೆ ಕಣ್ಣಿಗೆ ಮೊಗ್ಗಿನ ದಂಡೆಯಂತೆಯೇ ಕಾಣುತ್ತದೆ. ಚೆಂಡು ಹೂವು ಮಾತ್ರ ಬೇಸಿಗೆಯ ರೈತರ ಸಂತೆಯಲ್ಲಿ ಸಿಕ್ಕರೆ ಸಿಕ್ಕೀತು.

ಹೆರಿಗೆಯಾದವರಿಗೆ ಆಸ್ಪತ್ರೆಗಿಂತ ಮನೆಗೇ ಕಳಿಸುವುದು ಮೇಲು, ಏಕೆಂದರೆ ಸಹಜ ಹೆರಿಗೆಯಾದ ಬಾಣಂತಿಯನ್ನು ಅಲ್ಲಿ ಸುಮಾರು ಎರಡು ದಿನಕ್ಕೆ ಮನೆಗೆ ಕಳಿಸಿಬಿಡುತ್ತಾರೆ. ತೀವ್ರ ನಿಗಾ ಘಟಕಕ್ಕೆ ಸಾಮಾನ್ಯವಾಗಿ ಹೂವನ್ನು ಬಿಡುವುದಿಲ್ಲ. ಸಾವು ಸಂಭವಿಸಿದ್ದರೆ ಹೂವನ್ನು ಅಂತ್ಯಸಂಸ್ಕಾರ ನಡೆಸಿಕೊಡುವ ಫ್ಯೂನರಲ್ ಹೋಮ್‌ಗೆ, ಮೃತರ ಪೂರ್ಣ ಹೆಸರು ಮತ್ತು ದರ್ಶನದ ವೇಳೆಯನ್ನು ತಿಳಿಸಿ ಕಳಿಸಬೇಕು. ಹೂವಿನ ಬದಲು ದೇಣಿಗೆ ಕೊಡಿರೆಂದು ಮನೆಯವರು ಪ್ರಕಟಿಸಿದ್ದರೆ ಅದನ್ನೇ ನಡೆಸಬೇಕು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನೀರು ಹೆಪ್ಪುಗಟ್ಟುವ ಚಳಿ ಇರುವುದರಿಂದ ಬಾಗಿಲ ಮುಂದೆ ಇಟ್ಟುಹೋದ ಹೂವು ಸ್ವಲ್ಪ ಹೊತ್ತಿಗೇ ಮರಗಟ್ಟಿ ಕಪ್ಪಾಗುತ್ತದೆ. ಆ ತಿಂಗಳುಗಳಲ್ಲಿ ಪೆಟ್ಟಿಗೆಯಲ್ಲಿ ಕೊರಿಯರ್ ಮೂಲಕ ಬರುವ ಹೂವನ್ನು ಆರಿಸಲೇಬಾರದು. ಅಂಗಡಿಯವರೇ ಕೈಗೆ ಕೊಟ್ಟು ಹೋಗಬೇಕು, ಮನೆಯಲ್ಲಿ ಯಾರಾದರೂ ಇರುವ ವೇಳೆಯನ್ನು ಅವರಿಗೆ ತಿಳಿಸಿರಬೇಕು.

ಹಣ ಪಾವತಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಆರ್ಡರಿಗೆ ಬೇಕಾದಷ್ಟೇ ಮಿತಿಯನ್ನು ಹಾಕಬೇಕು. ಅಲ್ಲಿನ ಅಂಗಡಿಗಳು ಒಟಿಪಿ ಕೇಳದೆಯೇ ಹಣ ತೆಗೆದುಕೊಳ್ಳಬಲ್ಲವಾದ್ದರಿಂದ ಈ ಮಿತಿ ಮುಖ್ಯ, ಕೆಲಸ ಮುಗಿದ ಕೂಡಲೇ ಮತ್ತೆ ಮುಚ್ಚುವುದೂ ಅಷ್ಟೇ ಮುಖ್ಯ. ವಿದೇಶಿ ವಿನಿಮಯದ ಶುಲ್ಕವಾಗಿ ಬ್ಯಾಂಕುಗಳು ಸಾಮಾನ್ಯವಾಗಿ ಶೇಕಡಾ 2ರಿಂದ 3.5ರವರೆಗೆ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಕೆಲವು ಜಾಲತಾಣಗಳು ಐದಂಕಿಯ ಜಿಪ್ ಕೋಡನ್ನಷ್ಟೇ ಒಪ್ಪುವುದರಿಂದ ನಮ್ಮ ಆರಂಕಿಯ 577002 ಅಲ್ಲಿ ನಡೆಯುವುದಿಲ್ಲ, ಪಾವತಿ ತಿರಸ್ಕೃತವಾಗುತ್ತದೆ. ಹಾಗಾದಾಗ ಮತ್ತೆ ಮತ್ತೆ ಒತ್ತುತ್ತ ಕೂರದೆ ಅಂಗಡಿಗೆ ಕರೆ ಮಾಡಿ ಹೇಳಿದರೆ ಅವರು ಕೈಯಿಂದ ನಮೂದಿಸಿಕೊಳ್ಳಬಹುದು. ಅಣ್ಣನ ಮಗನೋ ತಂಗಿಯ ಮಗಳೋ ಅಮೆರಿಕದ ಬೇರೆ ಊರಿನಲ್ಲಿದ್ದರೆ ಅವರ ಕೈಯಲ್ಲೇ ಹೇಳಿಸುವುದು ಎಲ್ಲಕ್ಕಿಂತ ಸುಲಭ.

ಹೂವು ತಲುಪಿದ ದಿನವೇ ಅಳಿಯನಿಂದ ಒಂದು ಫೋಟೋ ತರಿಸಿಕೊಳ್ಳಿ. ಬಾಡಿದ್ದರೆ, ಮುರಿದಿದ್ದರೆ ಅಥವಾ ಹೇಳಿದ ಬಣ್ಣವಲ್ಲದಿದ್ದರೆ, ಆ ಫೋಟೋ ಮತ್ತು ರಸೀದಿಯೊಂದಿಗೆ ಅಂದೇ ಇಮೇಲ್ ಬರೆದರೆ ಊರಿನ ಅಂಗಡಿಯವರು ಹೆಚ್ಚಾಗಿ ಬೇರೆ ಹೂವು ಕೊಟ್ಟು ಹೋಗುತ್ತಾರೆ. ನಾಲ್ಕು ದಿನ ಬಿಟ್ಟು ಹೇಳಿದರೆ ಹೂದಾನಿಗೆ ನೀರು ಹಾಕಿದ್ದಿರಾ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.