ಮುಟ್ಟು ನಿಂತ ಮೇಲೆ ಬ್ಲೀಡಿಂಗ್: ನಾನು ಕಾರಣ ಹುಡುಕುವ ಬಗೆ

ಮುಟ್ಟು ನಿಂತು 12 ತಿಂಗಳು ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ನಾನು ಕಾರಣ ಹುಡುಕುತ್ತೇನೆ. "ಸ್ವಲ್ಪವೇ ಡಾಕ್ಟ್ರೇ, ಬರೀ ಕಲೆ" ಅಂತ ಎಷ್ಟೋ ಜನ ಹೇಳುತ್ತಾರೆ. ಆದರೆ ಎಷ್ಟು ಹೋಯಿತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಜಾಸ್ತಿ ಹೋದವರಲ್ಲಿ ಬರೀ ಪಾಲಿಪ್ (ಗರ್ಭಕೋಶದ ಒಳಗೆ ಬೆಳೆಯುವ ಸಣ್ಣ ಮಾಂಸದ ಕುಡಿ) ಸಿಕ್ಕಿದೆ, ತಿಳಿ ಗುಲಾಬಿ ಕಲೆಯ ಹಿಂದೆ ಕ್ಯಾನ್ಸರ್ ಸಿಕ್ಕಿದೆ.

ಮೊದಲು ಮಾತ್ರೆಗಳ ವಿಚಾರ. ಹಾರ್ಮೋನ್ ತಗೊಳ್ತಿದ್ದೀರಾ? ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್? ರಕ್ತ ತೆಳು ಮಾಡುವ ಮಾತ್ರೆ? ಈ ಕೊನೆಯದರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಒಳಗೆ ಮೊದಲೇ ಇದ್ದ ತೊಂದರೆಯನ್ನು ಆ ಮಾತ್ರೆ ಹೊರಗೆ ತೋರಿಸಿರಬಹುದು, ಅಲ್ವಾ?

ಆಮೇಲೆ, ರಕ್ತ ಬಂದಿದ್ದು ಎಲ್ಲಿಂದ? ಮೂತ್ರದ ದಾರಿಯಿಂದಲೋ ಮೂಲವ್ಯಾಧಿಯಿಂದಲೋ ಬಂದದ್ದನ್ನು ಮುಟ್ಟಿನ ಜಾಗದ್ದು ಅಂದುಕೊಂಡು ಬರುವವರಿದ್ದಾರೆ. ಹಾಗಾಗಿ ನೋಡದೆ ಸುಮ್ನೆ ಸ್ಕ್ಯಾನ್‌ಗೆ ಕಳಿಸುವುದಿಲ್ಲ. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಸಾಧನ ಹಾಕಿ ಗರ್ಭಕೋಶದ ಬಾಯಿ ನೋಡುತ್ತೇನೆ. ಅಲ್ಲಿ ಹುಣ್ಣು, ಗಡ್ಡೆ ಏನಾದರೂ ಇದ್ದರೆ ಅಲ್ಲಿಂದಲೇ ಬಯಾಪ್ಸಿ, ಅಂದರೆ ಚೂರು ತೆಗೆದು ಲ್ಯಾಬ್‌ನಲ್ಲಿ ಪರೀಕ್ಷೆ. ಬಹಳ ಸಲ ಕಾಣುವುದು ಈಸ್ಟ್ರೋಜನ್ ಕಡಿಮೆಯಾಗಿ ತೆಳ್ಳಗಾದ, ಬಿಳಿಚಿದ ಯೋನಿಯ ಗೋಡೆ. ಮುಟ್ಟಿದರೆ ರಕ್ತ ಜಿನುಗುತ್ತದೆ. ಸಾಮಾನ್ಯ ಕಾರಣ ಇದೇ. ಆದರೂ ಅಲ್ಲಿಗೇ ನಿಲ್ಲಿಸುವುದಿಲ್ಲ. ಯೋನಿ ಒಣಗಿದೆ ಅಂದ ಮಾತ್ರಕ್ಕೆ ಗರ್ಭಕೋಶ ಸರಿಯಿದೆ ಅಂತ ಅರ್ಥವಲ್ಲ. ಗರ್ಭಕೋಶದ ಬಾಯಿಯ ಜೀವಕೋಶ ನೋಡುವ ಪ್ಯಾಪ್ ಟೆಸ್ಟ್ ನಾರ್ಮಲ್ ಇದ್ದರೂ ಅಷ್ಟೇ, ಅದು ಗರ್ಭಕೋಶದ ಒಳಪದರವನ್ನು ನೋಡುವ ಟೆಸ್ಟ್ ಅಲ್ಲ.

ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಒಳಪದರದ ದಪ್ಪ ಅಳೆಯುತ್ತೇವೆ. 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದು, ಬ್ಲೀಡಿಂಗ್ ಒಂದೇ ಸಲ ಆಗಿ ನಿಂತಿದ್ದರೆ ಕ್ಯಾನ್ಸರ್ ಸಾಧ್ಯತೆ ಶೇಕಡಾ 1ಕ್ಕಿಂತ ಕಡಿಮೆ. ಆಗ ಸಾಮಾನ್ಯವಾಗಿ ಬಯಾಪ್ಸಿ ಬೇಕಾಗುವುದಿಲ್ಲ. ದಪ್ಪ ಇದ್ದರೆ, ಅಥವಾ ಪದರ ಸರಿಯಾಗಿ ಕಾಣದೇ ಹೋದರೆ, ಬಯಾಪ್ಸಿ.

ಇದಕ್ಕೆ ಹೆದರುವವರು ಜಾಸ್ತಿ. ತೆಳ್ಳಗಿನ ಪ್ಲಾಸ್ಟಿಕ್ ನಳಿಕೆ ಒಳಗೆ ಹೋಗುತ್ತದೆ, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಚೂರು ಪದರ ಹೀರಿಕೊಂಡು ಬರುತ್ತದೆ. ಮುಟ್ಟಿನ ನೋವಿನ ಹಾಗೆ ಹಿಡಿದುಕೊಳ್ಳುತ್ತದೆ, ಕೆಲವರಿಗೆ ಜೋರಾಗಿಯೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಡೆಯಲಾಗದಿದ್ದರೆ ನಿಲ್ಲಿಸಿ, ಅರಿವಳಿಕೆ ಕೊಟ್ಟು ಮಾಡಬಹುದು.

ರಿಪೋರ್ಟ್‌ನಲ್ಲಿ 'ಕ್ಯಾನ್ಸರ್ ಇಲ್ಲ' ಅಂತ ಬಂದು ರಕ್ತ ಮಾತ್ರ ನಿಲ್ಲದಿದ್ದರೆ? ನಾನು ರಿಪೋರ್ಟ್‌ಗಿಂತ ರಕ್ತವನ್ನೇ ನಂಬುತ್ತೇನೆ. ನಳಿಕೆ ಒಂದು ಕಡೆಯ ಚೂರು ತಂದಿರುತ್ತದೆ, ಪಾಲಿಪ್ ಇನ್ನೊಂದು ಮೂಲೆಯಲ್ಲಿ ಕೂತಿರಬಹುದು. ಒಳಪದರವನ್ನು ಕಣ್ಣಿಗೆ ಕಾಣದೆ ಕೆರೆಯುವ ಡಿ ಅಂಡ್ ಸಿ ಕೂಡ ಇದನ್ನು ತಪ್ಪಿಸಿಕೊಳ್ಳಬಹುದು. ಹಿಸ್ಟರೋಸ್ಕೋಪಿಯಲ್ಲಿ ಕ್ಯಾಮೆರಾ ಒಳಗೆ ಹೋಗುತ್ತದೆ. ಕಾಂಡದಿಂದ ಜೋತಾಡುವ ನುಣುಪಾದ ಪಾಲಿಪ್ ಪರದೆ ಮೇಲೆ ಕಂಡರೆ ಸಾಮಾನ್ಯವಾಗಿ ಆಗಲೇ ತೆಗೆದು ಲ್ಯಾಬ್‌ಗೆ ಕಳಿಸುತ್ತೇನೆ.

ಪದರ ತೆಳ್ಳಗಿದ್ದು ಯೋನಿ ಒಣಗಿದ್ದೇ ಕಾರಣ ಅಂತಾದರೆ, ಸ್ತನ ಕ್ಯಾನ್ಸರ್ ಆಗಿಲ್ಲದವರಿಗೆ ಈಸ್ಟ್ರೋಜನ್ ಕ್ರೀಮ್ ಬರೆದುಕೊಡುತ್ತೇನೆ. ಚೀಟಿಯ ಕೆಳಗೆ ಒಂದು ಸಾಲು ಸೇರಿಸುತ್ತೇನೆ: ಮತ್ತೆ ರಕ್ತ ಕಂಡರೆ, ಹಳೇ ಸ್ಕ್ಯಾನ್ ನಾರ್ಮಲ್ ಇತ್ತು ಅಂತ ಕೂರಬೇಡಿ, ಬನ್ನಿ.