ಬೈಪಾಸ್ ಸರ್ಜರಿ: ರಕ್ತ ತರಿಸುವ ಮುನ್ನ ಪಂಪಿನ ಲೆಕ್ಕ ನೋಡಿ

ನಾನು ಪರ್ಫ್ಯೂಷನಿಸ್ಟ್. ಹೃದಯದ ಆಪರೇಷನ್ ನಡೆಯುವಾಗ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ (ನಾವು ಪಂಪ್ ಅನ್ನುತ್ತೇವೆ) ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಮೊದಲು ಹೇಳುವುದು ಇದನ್ನೇ: ಹಿಮೋಗ್ಲೋಬಿನ್ ಇಳಿಯಿತು ಅಂತ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಬೇಡಿ. ರಕ್ತ ಹೋಗಿದೆಯೋ, ಬರೀ ತೆಳುವಾಗಿದೆಯೋ ನೋಡಿ.

ಲೆಕ್ಕವನ್ನು ಹಿಂದಿನ ದಿನವೇ ಹಾಕಿಡಿ. 60 ಕೆಜಿ ತೂಕದ ರೋಗಿ ಅಂದುಕೊಳ್ಳಿ. ಕೆಜಿಗೆ 70 ಎಂಎಲ್‌ನಂತೆ ಮೈಯಲ್ಲಿ 4.2 ಲೀಟರ್ ರಕ್ತ, ಹಿಮೋಗ್ಲೋಬಿನ್ 12. ನಮ್ಮ ಟ್ಯೂಬುಗಳಲ್ಲಿ ಮೊದಲೇ ತುಂಬಿರುವ ರಕ್ತವಿಲ್ಲದ ದ್ರವ, ಅಂದರೆ ಪ್ರೈಮ್, 1.4 ಲೀಟರ್. ಪಂಪ್ ಶುರುವಾಗಿ ಎರಡೂ ಬೆರೆತರೆ 12 ಇದ್ದದ್ದು 9 ಆಗುತ್ತದೆ. ಒಂದು ಹನಿಯೂ ಚೆಲ್ಲಿಲ್ಲ, ಅಲ್ವಾ? 45 ಕೆಜಿಯ ಹೆಂಗಸು, ಹಿಮೋಗ್ಲೋಬಿನ್ 10 ಆಗಿದ್ದರೆ ಅದೇ ಪ್ರೈಮ್‌ಗೆ 7ರ ಕೆಳಗೆ ಹೋಗುತ್ತದೆ. ಸಣ್ಣ ಮೈಯವರಿಗೆ ರಕ್ತ ಜಾಸ್ತಿ ಬೇಕಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಹಾಗಾಗಿ ಮೆಷಿನ್ನನ್ನು ಟೇಬಲ್ಲಿಗೆ ಆದಷ್ಟು ಹತ್ತಿರ ನಿಲ್ಲಿಸಿ, ಟ್ಯೂಬ್ ಗಿಡ್ಡ ಮಾಡಿ. ಆಮೇಲೆ ರೆಟ್ರೋಗ್ರೇಡ್ ಪ್ರೈಮಿಂಗ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟು, ಎಸಿಟಿ (ಹೆಪ್ಪುಗಟ್ಟಲು ಹಿಡಿಯುವ ಸಮಯದ ಟೆಸ್ಟ್) ಸರಿಯಿದೆ ಅಂತ ಖಚಿತವಾದ ಮೇಲೆ, ಪಂಪ್ ಶುರು ಮಾಡುವ ಮೊದಲು, ರೋಗಿಯ ರಕ್ತವನ್ನೇ ಆರ್ಟೀರಿಯಲ್ ಲೈನಿನಲ್ಲಿ (ಮೆಷಿನ್ನಿಂದ ರೋಗಿಗೆ ರಕ್ತ ಒಯ್ಯುವ ಟ್ಯೂಬ್) ನಿಧಾನವಾಗಿ ಹಿಂದಕ್ಕೆ ಬಿಡಿ. ಅದು ಪ್ರೈಮನ್ನು ತಳ್ಳಿಕೊಂಡು ಬರುತ್ತದೆ, ಆ ನೀರನ್ನು ಚೀಲಕ್ಕೆ ಹಿಡಿಯಿರಿ. ಅರ್ಧ ಲೀಟರ್ ತೆಗೆದರೂ ಲಾಭವೇ. ಬಿಪಿ ಇಳಿಯುತ್ತದೆ, ಅನಸ್ತೇಷಿಯಾ ಡಾಕ್ಟರಿಗೆ ಮೊದಲೇ ಹೇಳಿ. ಬಿಪಿ ತೀರಾ ಇಳಿದರೆ ಅಲ್ಲಿಗೇ ನಿಲ್ಲಿಸಿ. ಆಮೇಲೂ ನೀರು ಹೆಚ್ಚಿದ್ದರೆ, ರಕ್ತದಿಂದ ನೀರನ್ನು ಸೋಸಿ ತೆಗೆಯುವ ಹಿಮೋಕಾನ್ಸಂಟ್ರೇಟರ್ ಇದ್ದೇ ಇದೆ.

ಸೆಲ್ ಸೇವರ್ ಬಗ್ಗೆ ಒಂದು ಮಾತು. ಅದು ಆಪರೇಷನ್ನಿನಲ್ಲಿ ಚೆಲ್ಲಿದ ರಕ್ತವನ್ನು ಹೀರಿ, ಕೆಂಪು ಕಣಗಳನ್ನು ತೊಳೆದು ವಾಪಸ್ ಕೊಡುವ ಮೆಷಿನ್. ಪ್ಲೇಟ್‌ಲೆಟ್, ಪ್ಲಾಸ್ಮಾ ಚರಂಡಿಗೆ ಹೋಗುತ್ತವೆ. ತುಂಬಾ ತೊಳೆದ ದಿನ ಹೆಪ್ಪುಗಟ್ಟುವ ಶಕ್ತಿ ಕುಗ್ಗಿರುತ್ತದೆ ಅನ್ನುವುದು ನೆನಪಿರಲಿ.

ಇನ್ನು ಮೊದಲೇ ಆಗಬೇಕಾದ ಕೆಲಸ. ಆಪರೇಷನ್ ಕಾಯಬಹುದಾದರೆ, ಕಬ್ಬಿಣಾಂಶ ಕಡಿಮೆ ಇರುವವರಿಗೆ ವಾರಗಳ ಮುಂಚೆಯೇ ಅದನ್ನು ಕೊಡಲಿ. ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಟಿಕಾಗ್ರೆಲೋರ್ 3 ದಿನ, ಕ್ಲೋಪಿಡೊಗ್ರೆಲ್ 5 ದಿನ, ಪ್ರಸುಗ್ರೆಲ್ 7 ದಿನ ಮೊದಲು ನಿಲ್ಲಿಸುತ್ತಾರೆ. ಆಸ್ಪಿರಿನ್ ಹೆಚ್ಚಿನವರಿಗೆ ಮುಂದುವರಿಯುತ್ತದೆ. ಇದನ್ನು ತೀರ್ಮಾನಿಸುವವರು ಡಾಕ್ಟರ್. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ಬಿಟ್ಟರೆ ಜೀವಕ್ಕೇ ಅಪಾಯ.

ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಈಗ ಹೆಚ್ಚಿನ ಕಡೆ ಕೊಡುತ್ತಾರೆ. ಡೋಸ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಕೊನೆಗೆ ಹೆಪಾರಿನ್ ಪರಿಣಾಮ ಇಳಿಸಲು ಕೊಡುವ ಪ್ರೋಟಮಿನ್ ಕೂಡ ಅಳೆದೇ ಕೊಡಬೇಕು, ಹೆಚ್ಚಾದರೆ ಅದೇ ರಕ್ತಸ್ರಾವಕ್ಕೆ ಕಾರಣವಾಗುತ್ತದೆ.

ಹಾಗಾದರೆ ರಕ್ತ ಯಾವಾಗ ಕೊಡುವುದು? ಹೃದಯದ ಆಪರೇಷನ್ ಆದವರ ಮೇಲೆ ನಡೆದ 2017ರ ಟ್ರಿಕ್ಸ್-3 ಅಧ್ಯಯನದಲ್ಲಿ ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟವರು, 9.5ಕ್ಕೇ ಕೊಟ್ಟವರಷ್ಟೇ ಚೆನ್ನಾಗಿದ್ದರು. ಅಂಕಿ ಒಂದೇ ನೋಡಬೇಡಿ: ಲ್ಯಾಕ್ಟೇಟ್ ಏರುತ್ತಿದೆಯಾ, ವೀನಸ್ ಸ್ಯಾಚುರೇಷನ್ (ಮೈ ಸುತ್ತಿ ವಾಪಸ್ ಬರುವ ರಕ್ತದಲ್ಲಿ ಉಳಿದ ಆಮ್ಲಜನಕ) ಬೀಳುತ್ತಿದೆಯಾ ಗಮನಿಸಿ, ಎರಡೂ ಮೈಗೆ ಆಮ್ಲಜನಕ ಸಾಲುತ್ತಿಲ್ಲ ಅನ್ನುವ ಸೂಚನೆ. ಒಂದು ಚೀಲ ಕೊಟ್ಟು ಮತ್ತೆ ಟೆಸ್ಟ್ ಮಾಡಿ, ಎರಡನೆಯದನ್ನು ಸುಮ್ನೆ ಏರಿಸಬೇಡಿ.

ಐಸಿಯುಗೆ ಹೋದ ಮೇಲೆ ಮೈ ಬೆಚ್ಚಗಿರಲಿ, ಕ್ಯಾಲ್ಸಿಯಂ ನೋಡಿ. ತಣ್ಣಗಿರುವ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಎದೆಯೊಳಗಿನ ರಕ್ತ ಹೊರಗೆ ಹರಿಸುವ ಕೊಳವೆಯಲ್ಲಿ, ಅಂದರೆ ಡ್ರೈನ್‌ನಲ್ಲಿ, ಪ್ರತಿ ಗಂಟೆಗೂ 200 ಎಂಎಲ್‌ಗಿಂತ ಜಾಸ್ತಿ ಬರುತ್ತಿದ್ದರೆ ಸರ್ಜನ್‌ಗೆ ತಿಳಿಸಿ, ಹೊಲಿಗೆ ಸೋರುತ್ತಿದ್ದರೆ ಪ್ಲೇಟ್‌ಲೆಟ್ ಕೊಟ್ಟು ನಿಲ್ಲಿಸಲಾಗದು. ಡ್ರೈನ್ ಇದ್ದಕ್ಕಿದ್ದಂತೆ ನಿಂತು ಬಿಪಿಯೂ ಇಳಿದರೆ ಖುಷಿಪಡಬೇಡಿ. ಹೃದಯದ ಸುತ್ತ ರಕ್ತ ತುಂಬಿಕೊಂಡು ಅದುಮುತ್ತಿರಬಹುದು, ಆ ಕ್ಷಣವೇ ಸರ್ಜನ್‌ರನ್ನು ಕರೆಯಿರಿ.