ಪಾಲಿಕೆಯ ಆದ್ಯತೆ ಬರೆಯುವ ಕೆಲಸ: ಬಜೆಟ್ ಶಾಖೆಯ ನನ್ನ ಅನುಭವ

ಮಧ್ಯ ಕರ್ನಾಟಕದ ಒಂದು ಮಹಾನಗರ ಪಾಲಿಕೆಯ ಲೆಕ್ಕಪತ್ರ ಶಾಖೆಯಲ್ಲಿದ್ದಾಗ ಬಜೆಟ್ ಪುಸ್ತಕದ ಆರಂಭದ ಪುಟ ಬರೆಯುವ ಹೊಣೆ ನನಗೆ ಬಂತು. ಪಾಲಿಕೆಯ ಧ್ಯೇಯ, ಮೌಲ್ಯ, ಈ ವರ್ಷದ ಆದ್ಯತೆ ಮೂರನ್ನೂ ಅಲ್ಲಿ ಹೇಳಬೇಕು. ಅಂಕಿ ಅಂಶಗಳೆಲ್ಲ ಮುಗಿದ ಮೇಲೆ, ಮುದ್ರಣಕ್ಕೆ ಕಳಿಸುವ ಅವಸರದಲ್ಲಿ ‘ಸ್ವಚ್ಛ, ಸುಂದರ, ಹಸಿರು ನಗರ’ ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿಯಾಗಿತ್ತು. ನಾನು ಆ ಪುಟದಿಂದಲೇ ಶುರು ಮಾಡಿದೆ. ಅಲ್ಲಿ ಹೇಳಿದ ಮಾತಿಗೆ ಒಳಗೆ ಒಂದು ಲೆಕ್ಕಶೀರ್ಷಿಕೆ (ಖರ್ಚನ್ನು ದಾಖಲಿಸುವ ಸಾಲು), ಅದರ ಮುಂದೆ ಒಂದು ಮೊತ್ತ ಇರಲೇಬೇಕು. ಇಲ್ಲದಿದ್ದರೆ ತೆರಿಗೆ ಕಟ್ಟುವವರ ಮುಂದೆ ಆ ಪುಸ್ತಕ ಇಡುವ ಹಕ್ಕು ನಮಗಿಲ್ಲ ಎಂಬುದು ನನ್ನ ನಂಬಿಕೆ.

ಧ್ಯೇಯವನ್ನು ನಾವು ಹೊಸದಾಗಿ ಕಟ್ಟಬೇಕಾಗಿಲ್ಲ, ಕಾನೂನೇ ಹೇಳಿದೆ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ 58ನೇ ಪ್ರಕರಣದಲ್ಲಿ ಪಾಲಿಕೆ ಕಡ್ಡಾಯವಾಗಿ ಮಾಡಲೇಬೇಕಾದ ಕೆಲಸಗಳ ಪಟ್ಟಿಯಿದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಎರಡನ್ನೂ ಎದುರಿಗಿಟ್ಟುಕೊಂಡು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಆ 18ರಲ್ಲಿ ಹಲವು ನಮ್ಮ ಕೈಯಲ್ಲಿಲ್ಲ. ಬಡಾವಣೆ ಯೋಜನೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ದೊಡ್ಡ ನೀರಿನ ಕಾಮಗಾರಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದ್ದು, ಅಗ್ನಿಶಾಮಕ ರಾಜ್ಯ ಸರ್ಕಾರದ್ದು. ಜನರಿಗೆ ಮಾತ್ರ ಊರು ಒಂದೇ. ಹಾಗಾಗಿ ಧ್ಯೇಯದ ಕೆಳಗೇ ಯಾವ ಕೆಲಸಕ್ಕೆ ಯಾವ ಕಚೇರಿ, ಯಾವ ಹುದ್ದೆಯವರು ಹೊಣೆ ಎಂಬ ಕೋಷ್ಟಕ ಹಾಕಿಸಿದೆ. ‘ನಮ್ಮ ಕೈಲಿಲ್ಲದ್ದನ್ನು ನಾವ್ಯಾಕೆ ಹೇಳಬೇಕು’ ಎಂದು ಕೆಲವು ಸಹೋದ್ಯೋಗಿಗಳು ಕೇಳಿದರು. ಕಂಬದಿಂದ ಕಂಬಕ್ಕೆ ಅಲೆಯುವವರು ಜನ, ನಾವಲ್ಲ ಎಂದೆ.

ಆಮೇಲಿನದು ಹಣದ ಲೆಕ್ಕ. ಕೆಲಸದ ತಿರುಳೆಲ್ಲ ಇಲ್ಲೇ ಇರುವುದು. ಬಜೆಟ್ ಗಾತ್ರ ನೋಡಿ ಜನ ಬೆರಗಾಗುತ್ತಾರೆ, ಆದರೆ ಅದರಲ್ಲಿ ಬಹುಪಾಲು ಮೊದಲೇ ನಿಗದಿಯಾಗಿರುತ್ತದೆ. ಸಂಬಳ, ಬೀದಿದೀಪ ಮತ್ತು ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್, ಟಿಪ್ಪರ್‌ಗಳ ಡೀಸೆಲ್, ಹಳೇ ಕಾಮಗಾರಿಗಳ ಬಾಕಿ ಬಿಲ್. ಸ್ವಂತ ಆದಾಯದಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಈ ಮೀಸಲು ಮುಟ್ಟಬಾರದು, ಮುಟ್ಟಲು ಬಿಡಲೂಬಾರದು. 15ನೇ ಹಣಕಾಸು ಆಯೋಗದ ಅನುದಾನದಲ್ಲೂ ನಮ್ಮಂಥ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಕಟ್ಟಳೆ ಇತ್ತು. ಇದೆಲ್ಲ ಕಳೆದು ಉಳಿಯುವ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು ಆಯುಕ್ತರ ಮೇಜಿನ ಮೇಲಿಟ್ಟೆ. ಪಾಲಿಕೆ ನಿಜವಾಗಿ ಆಯ್ಕೆ ಮಾಡಬಹುದಾದದ್ದು ಅಷ್ಟೇ ಹಣ. ಆದ್ಯತೆಗಳು ಆ ಮೊತ್ತದೊಳಗೆ ಕೂರಬೇಕು.

ಹಾಳೆ ಕೈಯಲ್ಲಿ ಹಿಡಿದು ವಾರ್ಡ್‌ಗಳಿಗೆ ಹೋದೆವು. ಕಾಯ್ದೆಯ ಪ್ರಕಾರ ವಾರ್ಡ್ ಸಮಿತಿಯಲ್ಲಿ ಕಾರ್ಪೊರೇಟರ್ ಅಧ್ಯಕ್ಷರು, ನಾಮನಿರ್ದೇಶನಗೊಂಡ ಹತ್ತು ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ತಿಂಗಳಿಗೊಮ್ಮೆ ಸಭೆ. ಸಮಿತಿ ಇನ್ನೂ ರಚನೆಯಾಗದ ಕಡೆ ಶಾಲೆ, ಸಮುದಾಯ ಭವನಗಳಲ್ಲಿ ಸಭೆ ಕರೆದೆವು. ‘ನಿಮಗೇನು ಬೇಕು’ ಎಂದು ಕೇಳಿದರೆ ಪಟ್ಟಿ ಮುಗಿಯುವುದಿಲ್ಲ. ಅದಕ್ಕೆ ಉಳಿದ ಮೊತ್ತ ತೋರಿಸಿ, ‘ಇಷ್ಟರಲ್ಲಿ ಮೊದಲು ಯಾವುದು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡೋಣ’ ಎಂದು ಕೇಳಿದೆ. ಚರ್ಚೆಯ ರೀತಿಯೇ ಬದಲಾಯಿತು. ಸ್ವಾಗತ ಕಮಾನು ಕೇಳಲು ಬಂದಿದ್ದವರು ಪಕ್ಕದ ಓಣಿಯಲ್ಲಿ ಉಕ್ಕುವ ಯುಜಿಡಿ (ಒಳಚರಂಡಿ) ಲೈನಿನ ಮಾತು ಬಂದ ಮೇಲೆ ತಾವಾಗಿಯೇ ಕಮಾನು ಕೈಬಿಟ್ಟರು.

ಒಂದು ಸಭೆಯಲ್ಲಿ ಹಿಂದೆ ನಿಂತಿದ್ದ ಪೌರಕಾರ್ಮಿಕರೊಬ್ಬರನ್ನು ಮುಂದೆ ಕರೆದೆ. ‘ಸಾರ್, ಕೈಗವಸು ಕೊಟ್ಟೀರಿ, ಬೂಟು ಕೊಟ್ಟೀರಿ. ಬೆಳಿಗ್ಗೆ ಬಂದ ಹೆಣ್ಮಕ್ಳಿಗೆ ಒಂದು ಶೌಚಾಲಯ, ಬಟ್ಟೆ ಬದಲಿಸಾಕ ಒಂದು ಕೋಣೆ ಕೊಡ್ರಿ’ ಅಂದರು. ರಾಜ್ಯದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕರು ಎಂಬ ಮಾನದಂಡವಿದೆ, ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತೇವೆ. ಆದರೂ ಊರನ್ನು ಗುಡಿಸುವ ಹೆಂಗಸರು ಕೆಲಸದ ಹೊತ್ತಿನಲ್ಲಿ ಯಾರದೋ ಮನೆ ಬಾಗಿಲು ತಟ್ಟಬೇಕು. ಈ ಬೇಡಿಕೆ ಯಾವ ವಾರ್ಡಿನ ಪಟ್ಟಿಯಲ್ಲೂ ಇರಲಿಲ್ಲ, ಯಾಕೆಂದರೆ ಅವರು ಕೆಲಸ ಮಾಡುವ ವಾರ್ಡಿನಲ್ಲಿ ಅವರಿಗೆ ಓಟಿಲ್ಲ.

ಮೌಲ್ಯಗಳ ಭಾಗವನ್ನು ಆ ಸಭೆಯ ಮಾರನೆಯ ದಿನ ಬರೆದೆ. ‘ಘನತೆ’ಯ ಎದುರಿಗೆ ಪೌರಕಾರ್ಮಿಕರ ವಿಶ್ರಾಂತಿ ಕೊಠಡಿಗಳಿಗೆ ಹಣ, ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸದಂತೆ ಸಕ್ಕಿಂಗ್ ಯಂತ್ರದ ನಿರ್ವಹಣೆಗೆ ಹಣ. ‘ಪಾರದರ್ಶಕತೆ’ಯ ಎದುರಿಗೆ ಪ್ರತಿ ಕಾಮಗಾರಿಯ ಜಾಗದಲ್ಲಿ ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯುವ ದಿನಾಂಕದ ಫಲಕ. ‘ಸಕಾಲಿಕ ಸೇವೆ’ಗೆ ಹೊಸ ಮಾತು ಬೇಕಿರಲಿಲ್ಲ, ನಿಗದಿತ ದಿನಗಳೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯ ಗಡುವುಗಳನ್ನೇ ಎತ್ತಿ ಹಾಕಿದೆ. ಎದುರಿಗೆ ಬರೆಯಲು ಏನೂ ಸಿಗದ ಮೌಲ್ಯಗಳನ್ನು ತೆಗೆದುಹಾಕಿದೆ.

ಕೊನೆಗೆ ಆದ್ಯತೆಗಳು ಮೂರೇ ಉಳಿದವು: ನೀರಿನ ಕೊಳವೆಗಳ ಸೋರಿಕೆ ತಡೆ, ಮನೆಯಲ್ಲೇ ಹಸಿ ಕಸ ಒಣ ಕಸ ಬೇರ್ಪಡಿಸಿ ಪಡೆಯುವುದು, ಪೌರಕಾರ್ಮಿಕರ ಸೌಲಭ್ಯ. ಸೋರಿಕೆಗೆ ನಾನು ಪಟ್ಟು ಹಿಡಿದದ್ದಕ್ಕೆ ಕಾರಣ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡ್‌ಗಳಲ್ಲಿ 2008ರ ಹೊತ್ತಿಗೆ ಆರಂಭವಾದ ನಿರಂತರ ನೀರಿನ ಪ್ರಯೋಗ. ಅಲ್ಲಿ ಹಳೇ ಪೈಪು ಬದಲಿಸಿ ಮನೆಮನೆಗೆ ಮೀಟರ್ ಹಾಕಿದ ಮೇಲೆ ದಿನದ 24 ಗಂಟೆಯೂ ನೀರು ಕೊಡಲು ಆಯಿತು. ಇರುವ ನೀರನ್ನೇ ಪೋಲಾಗದಂತೆ ನೋಡಿಕೊಂಡರೆ ಎಷ್ಟು ದೂರ ಹೋಗಬಹುದೆಂದು ಅದು ತೋರಿಸಿತು.

ಸಾಮಾನ್ಯ ಸಭೆಯಲ್ಲಿ ಗದ್ದಲವಾಯಿತು. ‘ನನ್ನ ವಾರ್ಡಿನ ಪಾರ್ಕು ಎಲ್ಲಿ ಹೋಯ್ತು?’ ಎಂದು ಒಬ್ಬರು ಎದ್ದರು. ಕೈಬಿಟ್ಟ ಕಾಮಗಾರಿಗಳ ಪಟ್ಟಿಯನ್ನೂ ಕಾರಣ ಸಮೇತ ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದೆ, ಆ ಪುಟ ತೋರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆದರೆ ಚರ್ಚೆ ಕಾಗದದ ಮೇಲೆ ನಡೆಯಿತು. ಇಂಥ ಪಟ್ಟಿ ಪ್ರತಿ ಪಾಲಿಕೆಯ ಬಜೆಟ್‌ನಲ್ಲೂ ಇರಬೇಕು ಎನ್ನುತ್ತೇನೆ.

ನಿಮ್ಮ ಊರಿನ ಬಜೆಟ್ ಪೂರ್ವಭಾವಿ ಸಭೆಗೆ ನೀವೂ ಹೋಗಿ. ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಹೋಗುವ ಮೊದಲು ಹಿಂದಿನ ಬಜೆಟ್ ಪುಸ್ತಕ ಕೇಳಿ ಪಡೆಯಿರಿ. ಒಂದೇ ಸಾಲಿನಲ್ಲಿ ‘ವಾಸ್ತವ’ (ನಿಜವಾಗಿ ಖರ್ಚಾದದ್ದು), ‘ಪರಿಷ್ಕೃತ ಅಂದಾಜು’, ‘ಮುಂದಿನ ವರ್ಷದ ಅಂದಾಜು’ ಎಂಬ ಕಾಲಂಗಳಿರುತ್ತವೆ. ವರ್ಷವರ್ಷವೂ ಅಂದಾಜಿನಲ್ಲಿ ಕೋಟಿಗಳು, ವಾಸ್ತವದಲ್ಲಿ ಸೊನ್ನೆ ಇರುವ ಸಾಲುಗಳನ್ನು ಗುರುತು ಹಾಕಿಕೊಂಡು, ಸಭೆಯಲ್ಲಿ ಮೊದಲು ಅವುಗಳ ಬಗ್ಗೆಯೇ ಕೇಳಿ.